ತೂತುಗಳ ಲೆಕ್ಕ

ಇದು ಆಲೂಗಡ್ಡೆ ಬಸಿಯುವ ಪಾತ್ರೆ.
ಅಮ್ಮನ ಕಾಲದ್ದು. ಬೋರಲು ಹಾಕಿದರೆ
ಏನೆಂದು ಯಾರಿಗಾದರೂ ಗೊತ್ತಾಗುತ್ತದೆ:
ಕಿವಿಯ ಮೇಲೆ ಇಳಿಯುವ ಆ ಅಂಚು,
ಕತ್ತಿನ ಹಿಂದೆ ತುಸು ಚಾಚಿದ ನಾಲಗೆ.
ನಾನು ಬೋರಲು ಹಾಕುವುದಿಲ್ಲ.
ಅಂಗಾತವೇ ಒಣಗುತ್ತದೆ, ತೂತಿದೆಯಲ್ಲ.

ನಲವತ್ತಾರನೆಯ ಇಸವಿ. ಲೆನ್ನೆ ಹೊಳೆಯ ದಡದ ಕಾರ್ಖಾನೆಯಲ್ಲಿ
ಉಗ್ರಾಣದ ತುಂಬ ಟೊಪ್ಪಿಗೆಗಳಿದ್ದವು,
ಹಾಕಿಕೊಳ್ಳಲು ತಲೆಗಳಿರಲಿಲ್ಲ.
ಅಮ್ಮ ಯಂತ್ರದ ಮುಂದೆ ನಿಂತು ಕೊರೆದಳು:
ಒಂದಕ್ಕೆ ನೂರ ಹದಿನೆಂಟು ತೂತು, ಎರಡು ಹಿಡಿ, ಮೂರು ಕಾಲು.
ಕೆಲವು ವಾರ ಕೂಲಿಯ ಬದಲು ಪಾತ್ರೆಯನ್ನೇ ಕೊಟ್ಟರಂತೆ.
ಮನೆಯಲ್ಲಿ ಬಸಿಯಲು ಆರು ಪಾತ್ರೆ.
ಬಸಿಯುವುದಕ್ಕೆ ಏನೂ ಇಲ್ಲ.

ನಾನು ಎಣಿಕೆ ಕಲಿತದ್ದು ಈ ತೂತುಗಳ ಮೇಲೆ
ಬೆರಳಿಟ್ಟು.
ಶಾಲೆಗೆ ಹೋದಾಗ ಟೀಚರಿಗೆ ಆಶ್ಚರ್ಯ:
ಗೆರ್ಲಿಂಡೆ ಜಾಣೆ, ಆದರೆ ನೂರ ಹದಿನೆಂಟಕ್ಕೆ
ಯಾಕೆ ನಿಂತುಬಿಡುತ್ತಾಳೆ?

ಅಪ್ಪ ನಲವತ್ತೊಂಬತ್ತರಲ್ಲಿ ಬಂದ, ಅರ್ಧ ಜನ.
ಮೊದಲ ದಿನ ಅಡುಗೆಮನೆಯ ಮೊಳೆಗೆ ತೂಗಿದ್ದನ್ನು ನೋಡಿದ.
ಏನೂ ಅನ್ನಲಿಲ್ಲ. ಬಸಿದದ್ದನ್ನು ಮುಟ್ಟಲೂ ಇಲ್ಲ.
ಅಂದಿನಿಂದ ಅಮ್ಮ ಅವನಿಗೆ ಬೇರೆ ಬೇಯಿಸಿದಳು,
ನೀರು ಸಮೇತ ಬಡಿಸಿದಳು,
ಇಪ್ಪತ್ತೆರಡು ವರ್ಷ.
ಯಾಕೆ ಅಂತ ನಾವು ಕೇಳಲಿಲ್ಲ.
ನಮ್ಮ ಬೀದಿಯಲ್ಲೇ ಯಾರೂ ಯಾರನ್ನೂ ಕೇಳುತ್ತಿರಲಿಲ್ಲ.

ಆಮೇಲೆ ಕಾರ್ಖಾನೆ ಕೇಕಿನ ಅಚ್ಚು ಮಾಡಿತು,
ಸಿಂಕು ಮಾಡಿತು, ಕಾರಿನ ಹೊಗೆ ಕೊಳವೆ ಮಾಡಿತು.
ಹೋದ ವರ್ಷ ಕೊಳವೆ ಕೇಳುವವರಿಲ್ಲದೆ
ಬಾಗಿಲು ಹಾಕುತ್ತಾರೆ ಅಂದರು. ಈ ವರ್ಷ
ಮೂರು ಪಾಳಿ. ನಡುರಾತ್ರಿಯೂ ದೀಪ.
ನನ್ನ ಮೊಮ್ಮಗ ಲೆನ್ನಾರ್ಟ್ ಎರಡನೇ ಪಾಳಿ.

'ಮತ್ತೆ ಟೊಪ್ಪಿಗೆಯೇನೋ?' ಅಂದೆ.
ನಕ್ಕ. 'ಅಜ್ಜಿ, ಟೊಪ್ಪಿಗೆ ಈಗ ಉಕ್ಕಿನದಲ್ಲ, ನಾರಿನದು.
ನಾವು ಮಾಡೋದು ಶೆಲ್ಲಿನ ಒಡಲು.'
'ತೂತು?'
'ಒಂದೇ. ಮೂತಿಯಲ್ಲಿ. ಸಿಡಿಮದ್ದು ತುಂಬೋದಕ್ಕೆ.'

ಕೆಳಮನೆಯಲ್ಲಿ ಬಾಡಿಗೆಗಿರುವ ಸೊಲೋಮಿಯಾ
ಖಾರ್ಕಿವಿನವಳು. ಬಾಗಿಲು ಬಡಿದ ಸದ್ದಿಗೆ
ಇನ್ನೂ ಮೇಜಿನಡಿ ಕೂರುತ್ತಾಳೆ ಅವಳ ಮಗು.
ಲೆನ್ನಾರ್ಟನ ಕೆಲಸ ಏನೆಂದು ತಿಳಿದ ಸಂಜೆ
ಒಂದು ಬುಟ್ಟಿ ಪ್ಲಮ್ ಹಣ್ಣು ತಂದಿಟ್ಟಳು, ಮಾತಿಲ್ಲದೆ.
ಗಡಿಯಾಚೆಯ ಗೆಳತಿ ಬೊಗುಮಿಲಾ ಫೋನಿನಲ್ಲಿ:
'ನಿಮ್ಮವರ ಬೂಟಿನ ಸದ್ದಿಗೆ ನಮ್ಮಜ್ಜಿ
ಮೂಲಂಗಿ ಗುಂಡಿಯಲ್ಲಿ ಮೂರು ದಿನ ಅಡಗಿದ್ದಳು.
ಈಗ ನೋಡಿದರೆ, ಏನು ಗೆರ್ಲಿಂಡೆ,
ಇಷ್ಟು ನಿಧಾನ ನೀವು!'

ನಾನೂ ನಕ್ಕೆ. ಫೋನಿಟ್ಟ ಮೇಲೆ
ಬಹಳ ಹೊತ್ತು ಕೈ ಫೋನಿನ ಮೇಲೇ ಇತ್ತು.
ಎಂಬತ್ತು ವರ್ಷ ತಲೆ ತಗ್ಗಿಸುವುದನ್ನು ಕಲಿತೆವು,
ಚೆನ್ನಾಗಿಯೇ ಕಲಿತೆವು.
ಯಾರ ಮುಂದೆ ತಗ್ಗಿಸಿದ್ದೆವೋ ಅವರೇ ಬಂದು
ಗಲ್ಲ ಹಿಡಿದು ಎತ್ತುತ್ತಿದ್ದಾರೆ.
ಕತ್ತು ನೋಯುತ್ತದೆ.

ಲೆನ್ನಾರ್ಟ್ ಐದು ವರ್ಷದವನಿದ್ದಾಗ ಒಮ್ಮೆ
ಈ ಪಾತ್ರೆಯನ್ನು ತಲೆಗಿಟ್ಟುಕೊಂಡು ಅಂಗಳದಲ್ಲಿ ಓಡಿದ್ದ.
ಕಪಾಳಕ್ಕೆ ಕೊಟ್ಟೆ. ಅವನಿಗೆ ಹೊಡೆದದ್ದು
ಅದೊಂದೇ ಸಲ. ಅವನು ಮರೆತಿದ್ದಾನೆ.

ನಿನ್ನೆ ಪಾಳಿ ಮುಗಿಸಿ ಬಂದವನು
ಜೇಬಿನ ಕ್ಯಾಲಿಪರ್ ತೆಗೆದು, ಸುಮ್ಮನೆ,
ಕೈ ಚಪಲಕ್ಕೆ, ಪಾತ್ರೆಯ ಅಂಚನ್ನು ಹಿಡಿದು ನೋಡಿದ.
'ಒಂದು ಪಾಯಿಂಟ್ ಒಂದು ಮಿಲಿಮೀಟರ್. ಎಲ್ಲೂ ಹೆಚ್ಚುಕಮ್ಮಿ ಇಲ್ಲ.
ಏನು ಕೆಲಸ ಅಜ್ಜಿ! ಏನು ಉಕ್ಕು!'
ಅವನ ಕಣ್ಣಲ್ಲಿ ಅಮ್ಮನಿಗೆ ಸಿಗದೇ ಹೋದ
ಮೆಚ್ಚುಗೆ ಇತ್ತು.
ನನಗೆ ಹೆಮ್ಮೆಯಾಯಿತು; ಆದದ್ದನ್ನು
ಆಗಲಿಲ್ಲ ಅನ್ನಲಾರೆ.

ಆಲೂಗಡ್ಡೆ ಬೆಂದಿತ್ತು. ಅವನ ಪಾಲು ಬಸಿದೆ,
ನೂರ ಹದಿನೆಂಟು ಕಡೆಯಿಂದ ಹಬೆ ಎದ್ದಿತು.
ನನ್ನದನ್ನು ನೀರು ಸಮೇತ ತಟ್ಟೆಗೆ ಹಾಕಿಕೊಂಡೆ.
'ಯಾಕಜ್ಜಿ?'
'ಹಲ್ಲು ನೋವು ಕಣೋ' ಅಂದೆ.
'ಉಪ್ಪು ಕೊಡು ಇಲ್ಲಿ.'