ಮಾಮ

ಚಿಯಾತುರಾದ ಮಕ್ಕಳು ಅಪ್ಪನನ್ನು ಕರೆಯುವುದು
ಮಾಮ ಎಂದು.
ನಗಬೇಡಿ. ಅಮ್ಮನನ್ನು ದೇದ ಎಂದು.
ಲೋಕವೆಲ್ಲ ಮೊಲೆಹಾಲಿಗೆ ತುಟಿ ಕೂಡಿಸಿ ನುಡಿವ ಮಕಾರವನ್ನು
ಜಾರ್ಜಿಯಾದ ಕೂಸು ಗಂಡಸಿಗೆ ಕೊಟ್ಟುಬಿಟ್ಟಿದೆ
ಯಾವ ಕಾಲದಲ್ಲೋ, ಯಾರನ್ನೂ ಕೇಳದೆ.

ನಮ್ಮ ಕಿವಿಗೆ ಮಾಮ ಅಂದರೆ
ಬರುವಾಗ ಬತ್ತಾಸು ತರುವವನು,
ಮದುವೆಯ ದಿನ ಹೆಣ್ಣನ್ನು ಎತ್ತಿಕೊಂಡು ಬರುವವನು,
ಆಕಾಶದಲ್ಲಿ ಇದ್ದರೆ ಚಂದ.
ಇಲ್ಲಿ ಅವನು ರಾತ್ರಿ ಪಾಳಿ ಮುಗಿಸಿ
ಮ್ಯಾಂಗನೀಸಿನ ಕರಿ ಕೆಮ್ಮುತ್ತ ಮೆಟ್ಟಿಲು ಹತ್ತುವವನು.
ಹೆಸರು ನುಗ್ಜಾರ್.

ಆ ಭಾಷೆಯಲ್ಲಿ ಅಪ್ಪ ಎಲ್ಲಿ ಎಡವಿದರೂ ಸಿಗುತ್ತಾನೆ.
ಹುಂಜದೊಳಗಿದ್ದಾನೆ, ಮಮಾಲಿ, ಬೇಲಿಯ ಮೇಲೆ ಕೂಗುತ್ತಾನೆ.
ಚರ್ಚಿನ ಗಡ್ಡದೊಳಗೆ ಮಮಾವೋ.
ಸೋದರತ್ತೆ ಕೂಡ ಅವನನ್ನು ಹೊತ್ತೇ ತಿರುಗುತ್ತಾಳೆ, ಮಮಿದ.
ತಲೆಮಾರಿನಿಂದ ಬಂದ ನೆಲ, ಮಮುಲಿ:
ನುಗ್ಜಾರನ ಪಾಲಿಗೆ ಗುಡ್ಡದ ಮೇಲೊಂದು ಅಕ್ರೋಟು ಮರ,
ಹದಿನಾಲ್ಕು ದ್ರಾಕ್ಷಿ ಬಳ್ಳಿ,
ಅಡಿಯಲ್ಲಿ ಗಣಿ ಕೊರೆದು ಬಿರುಕು ಬಿಟ್ಟ ಹಿತ್ತಿಲು.
ಇಂಥ ಬಿರುಕಿಗೆ ನಾವಾದರೆ
ಮಾಮೂಲಿ ಅಂದು ಸುಮ್ಮನಾಗುತ್ತೇವೆ.

ನವೆಂಬರಿನಲ್ಲಿ ಗಣತಿಯ ಹುಡುಗಿ ಬಂದಳು.
ಬೂಟು ಬಿಚ್ಚಲೋ ಬೇಡವೋ ಎಂದು ಹೊಸ್ತಿಲಲ್ಲೇ ನಿಂತು ಕೇಳಿದಳು:
ಓಜಾಖಿಸ್ ಉಪ್ರೋಸಿ?
ಈ ಸಂಸಾರದ ಹಿರಿಯರು ಯಾರು?

ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು
ಮುಸುಕಿನ ಜೋಳದ ರೊಟ್ಟಿ ತಟ್ಟುತ್ತಿದ್ದ ನುಗ್ಜಾರ್
ಕೈಯ ಹಿಟ್ಟು ನೋಡಿಕೊಂಡ.
ಗ್ಯಾಸಿನ ಬಿಲ್ಲು ಸತ್ತ ಅಪ್ಪ ವಲೇರಿಯಾನ್ ಹೆಸರಲ್ಲಿದೆ.
ಪಿಂಚಣಿ ಅವ್ವನದು, ಬೀಗದ ಕೈಯೂ.
ಉಳಿದ ದುಡ್ಡು ಬಾರಿಯಿಂದ ಬರುತ್ತದೆ, ಇಟಲಿಯಿಂದ.
ಹೆಂಡತಿ ಲಮಾರಾ ಅಲ್ಲೊಬ್ಬ ಮುದುಕನ ಮೈ ಒರೆಸುತ್ತಾಳೆ.
ಅವನ ಮಕ್ಕಳಂತೆ ಅವಳೂ ಅವನನ್ನು ಪಪಾ ಅನ್ನುತ್ತಾಳೆ,
ಅವಳ ಭಾಷೆಯಲ್ಲಿ ಅದು ತಾತ.
ಸಂಬಳದಲ್ಲಿ ಏನೂ ವ್ಯತ್ಯಾಸವಿಲ್ಲ.

ಮಾಮ, ಬಾ ಇಲ್ಲಿ, ಎಂದು ಕೂಗಿದ.
ಬಂದದ್ದು ಮಗಳು.

ಹೌದು, ಇಲ್ಲಿ ಅಪ್ಪ ಮಗುವನ್ನು ಕರೆಯುವುದೂ ಮಾಮ ಎಂದೇ.
ಅಮ್ಮ ಕರೆದರೆ ಅದೇ ಮಗು ದೇದ.
ನಾವೂ ಬಾರಪ್ಪ ಅನ್ನುತ್ತೇವೆ, ಕೂತ್ಕೋಮ್ಮ ಅನ್ನುತ್ತೇವೆ,
ಗಂಡಿಗೆ ಅದು, ಹೆಣ್ಣಿಗೆ ಇದು,
ಮುಂದೆ ಆಗಬೇಕಾದ್ದನ್ನು ಇವತ್ತೇ ಅಳತೆ ತೆಗೆದು.
ಇವರು ಅಳೆಯುವುದಿಲ್ಲ.
ತಾವು ತೊಟ್ಟದ್ದನ್ನೇ ಬಿಚ್ಚಿ
ಮಗುವಿನ ಹೆಗಲಿಗೆ ಹಾಕುತ್ತಾರೆ, ಚಳಿಗೆ ಕೋಟು ಹಾಕಿದ ಹಾಗೆ.
ತೋಳು ಮೊಣಕಾಲಿಗೆ ಬಂದರೂ ಸರಿ.

ಒಂಬತ್ತು ವರ್ಷದ ತೇಕ್ಲೆಯ ಕೈಯಲ್ಲಿ ಫೋನು,
ಫೋನಿನೊಳಗೆ ಲಮಾರಾ:
ದೇದ, ಬಾಗಿಲಲ್ಲಿ ಯಾರು?
ಹುಡುಗಿ ನಡುವೆ ನಿಂತಳು
ಒಂದು ಕಿವಿಗೆ ಅಪ್ಪ, ಇನ್ನೊಂದಕ್ಕೆ ಅಮ್ಮ ಎನಿಸಿಕೊಂಡು.
ಆಮೇಲೆ ಕೇಳಿದಳು,
ಹಿರಿಯರು ಅಂದರೆ ದುಡ್ಡು ಕಳಿಸುವವರಾ, ಬೈಯುವವರಾ?
ಗಣತಿಯವಳಿಗೂ ನಗು ಬಂತು.
ಇದರಲ್ಲಿ ಒಂದೇ ಹೆಸರು ಹಿಡಿಸುತ್ತದೆ, ಪುಟ್ಟಿ.

ಓಜಾಖಿ ಅಂದರೆ ಸಂಸಾರ.
ತುರ್ಕರ ಕಡೆಯಿಂದ ಗುಡ್ಡ ಹತ್ತಿ ಬಂದ ಮಾತು,
ಅಲ್ಲಿ ಅದು ಬರೀ ಒಲೆ.
ನಮ್ಮ ಯಜಮಾನನೂ ಮೊದಲು
ಬೆಂಕಿಯ ಮುಂದೆ ಕೂತವನೇ ತಾನೆ,
ಮೀಸೆ, ಮುಂಗೋಪ, ಮೊದಲ ಪಂಕ್ತಿ
ಎಲ್ಲ ಆಮೇಲೆ ಬಂದವು.

ಮಾಮ, ರೊಟ್ಟಿ ಸೀಯುತ್ತಿದೆ!
ಅಪ್ಪ ಮಗಳಿಗೆ ಹೇಳಿದನೋ, ಮಗಳು ಅಪ್ಪನಿಗೋ,
ಹೊಸ್ತಿಲಲ್ಲಿ ನಿಂತವಳಿಗೆ ತಿಳಿಯಲಿಲ್ಲ.
ಇಬ್ಬರೂ ಓಡಿದರು.
ಫೋನು ಬೆಂಚಿನ ಮೇಲೆ ಮೇಲ್ಮುಖವಾಗಿ ಬಿದ್ದು
ಬಾರಿಯಲ್ಲಿದ್ದವಳಿಗೆ ಮನೆಯ ಸೂರು ತೋರಿಸುತ್ತಿತ್ತು,
ಸ್ವಲ್ಪ ಹೊಗೆಯನ್ನೂ.