ಪ್ಲಗ್ಗಿನ ತೂತಿನಲ್ಲಿ ಮಣ್ಣು

ಕರೆಂಟು ಬಂದರೂ ನನ್ನ ಟೇಬಲ್ಲಿನ ದೀಪ ಹತ್ತುವುದಿಲ್ಲ.
ಪ್ಲಗ್ಗಿನ ಮೂರೂ ತೂತಿಗೆ ಮಣ್ಣು ಮೆತ್ತಿ ಹೋಗಿದೆ
ಒಂದು ಕಣಜ. ಹಳೆಯ ಹೆಸರು ಕುಂಡಲಿಗ.
ಕಿಟಕಿಯ ಬೆಳಕಿಗೆ ಕೂತು
ಅದರ ಮೇಲೆಯೇ ಬರೆಯುತ್ತಿದ್ದೇನೆ, ರವಿವಾರದ ಪುರವಣಿಗೆ,
ಏಳುನೂರು ಶಬ್ದ, ಶುಕ್ರವಾರದೊಳಗೆ.

ಹೋದ ವಾರ, ಹೆತ್ತ ಮರಿ ತಿಂದ ಬೆಕ್ಕು.
ಅದರ ಹಿಂದಿನ ವಾರ
ತಮ್ಮನನ್ನು ಕುಕ್ಕಿ ಗೂಡಿನಿಂದ ಕೆಡವಿದ ಬೆಳ್ಳಕ್ಕಿ.
ಹುಬ್ಬಳ್ಳಿಯಿಂದ ಉಪಸಂಪಾದಕನ ಫೋನು:
"ಸರ, ಮಂದಿ ಅವಲಕ್ಕಿ ತಿನಕೋತ ಓದ್ತಾರ,
ಸ್ವಲ್ಪ ಹಗೂರ ಮಾಡ್ರಿ."
ಮೂವತ್ತೊಂದು ವರ್ಷ ಕಾಲೇಜಿನಲ್ಲಿ ಜಿರಲೆ ಕೊಯ್ದವನು ನಾನು.
ಹಗುರ ಮಾಡಲು ಕೈ ಬರುವುದಿಲ್ಲ.

ಬರೆದದ್ದು ಹೀಗೆ:
ನಮ್ಮ ಹಿರಿಯರು ಕಂಡದ್ದು ಅರ್ಧ.
ಹುಳವನ್ನು ಎತ್ತಿ ತಂದದ್ದು ಕಂಡರು, ಬಾಗಿಲು ಮುಚ್ಚಿದ್ದು ಕಂಡರು,
ಗುಂಯ್ ಎಂಬುದು ಕೇಳಿದರು.
ದಿನ ತುಂಬಿ ಹೊರಬಿದ್ದದ್ದು ಕುಂಡಲಿಗ.
ನೆನೆನೆನೆದು ಹುಳವೇ ಕುಂಡಲಿಗವಾಯಿತು ಎಂದರು,
ಗುರು ಮುಟ್ಟಿದ ಶಿಷ್ಯನಿಗೆ ಹೋಲಿಸಿದರು.
ಒಳಗೆ ನಡೆದದ್ದು ಬೇರೆ.
ಕುಟುಕಿಸಿಕೊಂಡ ಹುಳ ಸಾಯುವುದಿಲ್ಲ, ಮಿಸುಕುವುದೂ ಇಲ್ಲ.
ಮೇಲೆ ಒಂದೇ ಎಳೆಗೆ ಮೊಟ್ಟೆ ತೂಗುತ್ತದೆ.
ಮರಿ ಇಳಿದು ಮೊದಲು ಕೊಬ್ಬು ತಿನ್ನುತ್ತದೆ,
ಜೀವದ ಜಾಗ ಕೊನೆಗೆ.
ಊಟ ಹಳಸಬಾರದು ನೋಡಿ.

ಈ ಸಾಲು ನನಗೇ ಹಿಡಿಸಿತು.
ಗಟ್ಟಿಯಾಗಿ ಓದಿದೆ, ಪಡಸಾಲೆಯಲ್ಲಿ
ಕಂಡಿಕೆ ಸುತ್ತುತ್ತಿದ್ದ ಚಿಗವ್ವನಿಗೆ.
ಎಂಬತ್ತರ ಹತ್ತಿರ. ನಮ್ಮ ಮಗ್ಗ ಮಾರಿ ಎಷ್ಟೋ ವರ್ಷ;
ಗುಳೇದಗುಡ್ಡದ ಈ ಓಣಿಯ ಅರ್ಧ ಖಣಗಳಿಗೆ
ಈಗಲೂ ನೂಲು ಅವಳ ಕೈಯದೇ.

ರಾಟಿ ನಿಂತಿತು.
"ಆ ಹುಳಕ್ಕ ಗೊತ್ತಾಗತಿರತದೇನೋ?"
"ಹೇಳಾಕ ಬರೂದಿಲ್ಲ ಚಿಗವ್ವ."
ಹರಿದ ಎಳೆ ಹುಡುಕಿದಳು, ಎಂಜಲು ಹಚ್ಚಿ ಹೊಸೆದಳು.
"ನಿಮ್ಮವ್ವ ಹೋಗಿ ತಿಂಗಳ ತುಂಬಿರಲಿಲ್ಲ,
ಕಮತಗಿಯಿಂದ ನನ್ನ ತಂದು ಕುಂಡ್ರಿಸಿದ್ರು, ಇದ ಖೋಲ್ಯಾಗ.
ಹದಿನೈದು ನನಗ.
ಕಿವ್ಯಾಗ ಒಂದ ಸಮನ, ಅಕ್ಕನ್ಹಂಗ ಆಗು, ಅಕ್ಕನ್ಹಂಗ ಆಗು.
ಆದ್ಲು ಅಂತಾರಪ್ಪ ಮಂದಿ."

ದನಿಯಲ್ಲಿ ಸಿಟ್ಟಿರಲಿಲ್ಲ.
ಗಿರಣಿಯಿಂದ ಹಿಟ್ಟು ತಂದೆಯಾ ಎಂದು ಕೇಳುವ ದನಿ.
ರಾಟಿ ಮತ್ತೆ ತಿರುಗಿತು.

ಆಗ ನನಗೆ ಎರಡು ವರ್ಷ.
ಭಾಳ ಹಸಿವಿನ ಕೂಸಂತೆ,
ರೊಟ್ಟಿ ತಟ್ಟುವಾಗಲೂ ಅವಳ ತೊಡೆ ಬಿಟ್ಟಿಳಿಯಲಿಲ್ಲವಂತೆ.
ಅವಳಿಗೆ ಅವಳವೇ ಆದ ಮಕ್ಕಳಿಲ್ಲ.

ಕೊನೆಯ ಸಾಲು ಹೊಡೆದು ಹಾಕಿದೆ, ಮತ್ತೆ ಬರೆದೆ,
ಮತ್ತೆ ಹೊಡೆದು ಕಳಿಸಿದೆ.
"ಈ ಸಲ ಹಗೂರ ಆಗೇದ ನೋಡ್ರಿ ಸರ," ಎಂದ ಹುಬ್ಬಳ್ಳಿಯವನು.

ವಾಯರ್‌ಮನ್ ಹುಡುಗ ಸ್ಕ್ರೂಡ್ರೈವರ್ ಹಿಡಿದು ಬಂದಿದ್ದ.
ಇರಲಿ ಬಿಡೋ ಎಂದು ಚಹಾ ಕುಡಿಸಿ ಕಳಿಸಿದೆ.
ರಾತ್ರಿ ಮೆಯಿನ್ ಸ್ವಿಚ್ ಆರಿಸಿ
ಗೋಡೆಗೆ ಕಿವಿ ಕೊಟ್ಟು ನಿಂತೆ.
ಏನೂ ಕೇಳಲಿಲ್ಲ.
ಕತ್ತಲಲ್ಲಿ ಒಲೆಯ ಕಡೆಯಿಂದ ಚಿಗವ್ವ ಕೂಗಿದಳು:
"ಉಣ್ಣಾಕ ಬಾರೋ, ಹಳಸತದ."