ಳ ಅಕ್ಷರದ ಖಾನೆ

ನಮ್ಮ ಸಾಲಿ ಗ್ರಂಥಾಲಯ ಅಂದ್ರ ಒಂದು ಕಬ್ಬಿಣದ ಕಪಾಟು.
ಬಿಸಿಯೂಟದ ಅಕ್ಕಿಚೀಲದ ಬಾಜೂಕ ನಿಂತೈತಿ.
ಬಾಗಿಲ ತೆಗದ್ರ ಒಂದು ಸ್ವರ ಹೊಂಡತೈತಿ: ಕೀಂ...
ಎಣ್ಣಿ ಬಿಡಸ್ರಿ ಅಂತಾರ ಹೆಡ್ ಸರ್.
ನಾ ಬಿಡಸಿಲ್ಲ.
ಆ ಸ್ವರ ಹಿಡದ ನಾವು ಹಾಡೆತ್ತೂದು.

ನನಗ ಹಾಡಾಕ ಬರೂದಿಲ್ಲ, ಮೊದಲ ಹೇಳಿಬಿಡತೇನಿ.
ದನಿ ಸೀಳಿದ ಗಡಿಗಿ.
ಆದ್ರ ಪುಸ್ತಕ ಎಲ್ಲಿಂದ ತಗೊಂಡ್ರಿ ಅಲ್ಲೇ ಇಡ್ರಿ ಅಂತ
ಮೂರನೇತ್ತೆ ಮಕ್ಕಳಿಗೆ ಎರಡು ವರ್ಷ ಒದರಿ ಸಾಕಾಗಿ
ಒಂದು ಶುಕ್ರವಾರ ಸುಮ್ಮನ ಕುಂತಾಗ
ಕಿಡಕಿಯೊಳಗಿಂದ ಗುಳೇದಗುಡ್ಡ ಬಂತು,
ಓಣಿ ತುಂಬ ಮಗ್ಗ:
ಖಟ್ ಟಕ್, ಖಟ್ ಟಕ್.
ಅದರ ಮ್ಯಾಲ ಅಕ್ಷರ ಇಟ್ಟು ನೋಡಿದೆ.

ಕ ಖ ಗ ಘ... ಚಪ್ಪಾಳಿ
ಚ ಛ ಜ ಝ... ಚಪ್ಪಾಳಿ
ಟ ಠ ಡ ಢ... ಚಪ್ಪಾಳಿ
ಯಾಕಂದ್ರ ಆ ಐದನೇದರಿಂದ ಶುರು ಆಗೂ ಪುಸ್ತಕ
ನಮ್ಮ ಕಪಾಟಿನ್ಯಾಗ ಇಲ್ಲ.
ಯಾರ ಕಪಾಟಿನ್ಯಾಗೂ ಇರಲಿಕ್ಕಿಲ್ಲ.
ತ ಥ ದ ಧ...
ಇಲ್ಲಿ ಚಪ್ಪಾಳಿ ಹೊಡದಾವ ಔಟ್!
ನ ಐತೆಲ್ಲೊ, ನರಿ ಐತಿ, ನವಿಲ ಐತಿ,
ನದಿ ಅಂತೂ ಮೂರು ಪ್ರತಿ ಅದಾವ.
ಹುಚ್ಚೇಶ ವಾರಾ ವಾರಾ ಅಲ್ಲೇ ಸಿಗತಾನ.

ಈಗ ಸಂಗವ್ವ ಮೊಲದ ಪುಸ್ತಕ ಎದಿಗವಚಿಕೊಂಡು
ಪ ಫ ಬ ಭ ಅಂತ ತುಟಿಯೊಳಗ ಗುನುಗಿ
ಮ ಬಂದಕೂಡಲೆ ಕಾಲು ನಿಂದರಸತಾಳ.
ಬಗ್ಗಿ ಇಡತಾಳ.
ಕಪಾಟಿನ ಮ್ಯಾಲಿನ 'ಮೌನವಾಗಿರಿ' ಹಲಗಿ
ನಾ ಗ್ವಾಡಿ ಕಡೆ ಮಾರಿ ಮಾಡಿಸೇನಿ.

ಕಡೀಕ ಳ.
ತಳದ ಖಾನೆ, ಬಲಮೂಲಿ, ಒಂದು ಗೇಣು ಖಾಲಿ.
ಅಲ್ಲಿ ಬಂದಾಗ ಚಪ್ಪಾಳಿ ಇಲ್ಲ,
ಎಲ್ಲಾರೂ ಉಸರ ಹಿಡದು
ಹೊರಗಿನ ಮಗ್ಗ ಕೇಳೂದು, ಎಂಟು ಏಟು.
ಅದೂ ಹಾಡಿನ ಭಾಗನ.

ಆವತ್ತ ಅಮಾಸಿ. ಯಾರ ಮನ್ಯಾಗೂ ಮಗ್ಗ ಹೂಡಿದ್ದಿಲ್ಲ.
ಹಾಡು ಮೂರು ಸಲ ಎತ್ತಿದ್ವಿ, ಮೂರು ಸಲ
ಹರದ ಜೋಳದ ಚೀಲದಂಗ ಸೋರಿತು.
ಒಬ್ಬ ಘ ದಾಗ, ಒಬ್ಬಾಕಿ ದ ದಾಗ,
ಹುಚ್ಚೇಶ ಎಲ್ಲೆಲ್ಲೂ ಚಪ್ಪಾಳಿ.
ಆಗ ಜೈತುನಬಿ,
ಜೂನದಾಗ ಸೇರಿದಾಗಿಂದ ಹಾಜರಿಗೂ ಕೈ ಎತ್ತೂ ಹುಡುಗಿ,
ಪಾಟೀಚೀಲದಾಗಿಂದ ಒಂದು ಲಾಳಿ ತಗದು
ನೆಲಕ್ಕ ಬಡದ್ಲು:
ಖಟ್ ಟಕ್. ಖಟ್ ಟಕ್.
ಅವರಪ್ಪ ರಿಪೇರಿಗೆ ಒಯ್ದಿದ್ದ ಲಾಳಿ,
ತುದಿ ಸವದೈತಿ, ಕೆಂಪು ನೂಲು ಇನ್ನೂ ಒಳಗೈತಿ.

ಹಾಡು ಮುಗಿಸಿದ್ವಿ.
ಆಕಿ ಎದ್ದು ಹೋಗಿ ಅದನ್ನ ಳ ಖಾನ್ಯಾಗ ಇಟ್ಲು.
ತಪ್ಪವಾ, ಅಂದೆ. ಲಾಳಿ ಅಂದ್ರ ಲ. ಮ್ಯಾಲಿನ ಸಾಲು.
ಮೊದಲನೇ ಸಲ ಆಕಿ ದನಿ ಕೇಳಿದ್ದು ಆಗ,
ನನ್ನಂಗ ಸೀಳು ದನಿ:
"ನಮ್ಮ ದಾದಿ ಬಲಕಿನಿಂದ ಓದತಾಳ್ರಿ ಅಕ್ಕೋರ.
ಬಲಕಿನಿಂದ ಓದ್ರಿ, ಳ ದಿಂದನ ಶುರು ಆಗತೈತಿ."

ಯಾರೂ ನಗಲಿಲ್ಲ.
ಎಲ್ಲಾ ಹುಡುಗರು ತುಟಿ ಅಲಗಿಸಿ, ಉಲ್ಟಾ ಓದಿ ನೋಡಿದ್ರು.
ನಾನೂ ನೋಡಿದೆ.

ದಾಖಲೆ ಪುಸ್ತಕ ತಗದೆ. ಇನ್ನೂರಾ ಹದಿಮೂರು.
ಹೆಸರು: ಲಾಳಿ.
ಬೆಲೆ: ಅವರಪ್ಪನ್ನ ಕೇಳಬೇಕು.
(ಕೇಳಿದೆ. ಇಟಗೋರಿ ಅಂದ.)
ಪುಟ ಎಷ್ಟು ಬರೀಲಿ ಅಂದ್ರ
ಸಂಗವ್ವ, ನೂಲು ಬಿಚ್ಚಿ ಅಳೀಬೇಕ್ರಿ, ಅಂದ್ಲು.
ಆ ಮನಿ ಇನ್ನೂ ಖಾಲಿ ಐತಿ.

ಮುಂದಿನ ಶುಕ್ರವಾರ ಹುಚ್ಚೇಶ ಅದನ್ನ ಎರವಲು ಕೇಳಿದ.
ಸಹಿ ಹಾಕಿಸಿ ಕೊಟ್ಟೆ. ಗುರುವಾರ ತಂದ.
ಓದಿದಿಯೇನಪಾ?
"ಅರ್ಧ ಆಗೇತ್ರಿ."